ಸೋಮವಾರ ಒಪ್ಪತ್ತು ಮಾಡುವ ಕಾರು

ಷಡಕ್ಷರಪ್ಪ ತಪ್ಪು ಹಿಡಿಯುವ ಮನುಷ್ಯ. ಹಿಡಿದ ತಪ್ಪನ್ನು ಅರವತ್ತಮೂರು ವರ್ಷದ ಬಾಳಿನಲ್ಲಿ ಒಮ್ಮೆಯೂ ಹೋಗಲಿ ಎಂದು ಬಿಟ್ಟವರಲ್ಲ. ಇದು ಹೊಗಳಿಕೆಯಲ್ಲ. ತಪ್ಪು ಹಿಡಿಯುವವರು ಲೋಕಕ್ಕೆ ಬೇಕು ನಿಜ, ಆದರೆ ಅಂಥವರ ಜೊತೆ ಒಂದೇ ಸೂರಿನಡಿ ಇರಬೇಕಾದವರ ಪಾಡು ಬೇರೆ.

ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಅವರು ಮೂವತ್ತೈದು ವರ್ಷ ಪರೀಕ್ಷಾ ವಿಭಾಗದಲ್ಲಿದ್ದರು. ಮಷೀನಿನಿಂದ ಇಳಿದ ಸುರುಳಿಯಿಂದ ಒಂದು ಹಾಳೆ ಹರಿದುಕೊಂಡು ತೂಗುವುದು, ದಪ್ಪ ಅಳೆಯುವುದು, ಎಳೆದು ನೋಡುವುದು, ಒತ್ತಡಕ್ಕೆ ಎಲ್ಲಿ ಸಿಡಿಯುತ್ತದೆ ಎಂದು ಬರೆದಿಡುವುದು ಅವರ ಕೆಲಸ. ಲೆಕ್ಕಕ್ಕೆ ಬಾರದ ಸುರುಳಿಯ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಗೀಟು ಎಳೆದರೆ ಮುಗಿಯಿತು, ಅದು ಮತ್ತೆ ನೀರಿನ ತೊಟ್ಟಿಗೆ ಬಿದ್ದು ತಿರುಳಾಗಬೇಕು. ಸ್ವಂತ ಭಾವಮೈದುನನ ಪಾಳಿಯಲ್ಲಿ ಬಂದ ಮೂರು ಸುರುಳಿಗೆ ಹೀಗೆ ಗೀಟು ಎಳೆದರು. ಭಾವಮೈದುನ ಎರಡು ವರ್ಷ ಅವರ ಮನೆ ಹೊಸಿಲು ತುಳಿಯಲಿಲ್ಲ. ‘ರಿಜೆಕ್ಟ್ ಷಡಕ್ಷರಪ್ಪ’ ಎಂಬ ಹೆಸರು ಕಾಗದನಗರದ ಕ್ವಾರ್ಟರ್ಸಿನಲ್ಲಿ ಗೋಲಿ ಆಡುವ ಮಕ್ಕಳಿಗೂ ಗೊತ್ತಿತ್ತು. ಕೊನೆಕೊನೆಗೆ ಅವರಿಗೆ ತಕ್ಕಡಿಯೂ ಬೇಕಿರಲಿಲ್ಲ. ಹಾಳೆಯ ಮೂಲೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಅಲ್ಲಾಡಿಸಿ, ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಹೇಳಿಬಿಡುತ್ತಿದ್ದರು. ಪರೀಕ್ಷೆಗೆಂದು ಯಾರಾದರೂ ತೂಗಿ ನೋಡಿದರೆ ಒಂದು ಗ್ರಾಂ ಆಚೀಚೆ ಆಗುತ್ತಿರಲಿಲ್ಲ.

ಒಬ್ಬಳೇ ಮಗಳು ಸರಸ್ವತಿಯ ಮದುವೆಯ ಲಗ್ನಪತ್ರಿಕೆ ಅಚ್ಚಾಗಿ ಬಂದಾಗ ಅವರು ಮೊದಲು ಮಾಡಿದ ಕೆಲಸ ಮೂಲೆಮಟ್ಟ ತಂದು ಇಟ್ಟು ನೋಡಿದ್ದು. ಒಂದು ಮೂಲೆ ಕೂದಲೆಳೆಯಷ್ಟು ಸೊಟ್ಟಗಿತ್ತು. ಎಂಟುನೂರು ಪತ್ರಿಕೆ ವಾಪಸು ಹೋದವು. ಎರಡನೇ ಸಲ ಬರುವ ಹೊತ್ತಿಗೆ ತಡವಾಗಿ, ಅರ್ಧ ನೆಂಟರಿಗೆ ಕರೆಯೋಲೆ ಸಿಕ್ಕಿದ್ದು ಮದುವೆಯಾದ ಮೇಲೆ. ಅವರ ಹೆಂಡತಿ ಈಶ್ವರಮ್ಮ ಈಗಲೂ ಕೆಲವು ಮನೆಗಳ ಮುಂದೆ ತಲೆ ತಗ್ಗಿಸಿ ನಡೆಯುತ್ತಾರೆ. ಷಡಕ್ಷರಪ್ಪನವರಿಗೆ ಅದರ ಬಗ್ಗೆ ಪಶ್ಚಾತ್ತಾಪವಿಲ್ಲ. ಮೂಲೆ ಸೊಟ್ಟಗಿತ್ತು, ಅಷ್ಟೇ.

ಇಂಥವರು ಕಣ್ಣು ಮುಚ್ಚಿ ನಂಬಿದ್ದ ಮನುಷ್ಯ ಒಬ್ಬರೇ. ಹಳೇ ನಗರದ ಸೇತುವೆಯ ಪಕ್ಕ ಗ್ಯಾರೇಜು ಇಟ್ಟಿದ್ದ ಖಾಜಾ ಪೀರ್.

ಎಂಬತ್ತೈದರಲ್ಲಿ ಷಡಕ್ಷರಪ್ಪ ಒಬ್ಬ ಡಾಕ್ಟರಿಂದ ಹನ್ನೊಂದು ವರ್ಷ ಹಳೆಯ ಫಿಯಟ್ ಕಾರು ಕೊಂಡರು. ಮಜ್ಜಿಗೆ ಬಣ್ಣದ ಗಾಡಿ. ಕೊಂಡ ತಿಂಗಳಲ್ಲೇ ಅದು ಕೆಮ್ಮತೊಡಗಿತು. ಕಾರಿನ ಡಿಸ್ಟ್ರಿಬ್ಯೂಟರ್ ಎಂಬ ಕರಿ ಮುಚ್ಚಳದ ಡಬ್ಬಿಯೊಳಗೆ ಎರಡು ಪುಟ್ಟ ಲೋಹದ ಗುಂಡಿಗಳಿರುತ್ತವೆ. ಅವು ಒಂದನ್ನೊಂದು ಮುಟ್ಟಿ ಬಿಟ್ಟಾಗಲೆಲ್ಲ ಪ್ಲಗ್ಗಿಗೆ ಕಿಡಿ ಹೋಗುತ್ತದೆ. ಮೆಕ್ಯಾನಿಕ್ಕರು ಅದನ್ನು ಪಾಯಿಂಟ್ ಎನ್ನುತ್ತಾರೆ. ಆ ಎರಡರ ನಡುವಿನ ಸಂದು ಎಷ್ಟಿರಬೇಕೆಂದು ಪುಸ್ತಕದಲ್ಲಿ ಬರೆದಿತ್ತು. ಷಡಕ್ಷರಪ್ಪ ಅಷ್ಟನ್ನೇ ಅಳೆದು ಕೂರಿಸಿದರು. ಗಾಡಿ ಇನ್ನೂ ಕೆಟ್ಟಿತು. ಆಗ ಯಾರೋ ಹೇಳಿ ಖಾಜಾ ಪೀರ್ ಬಂದರು. ಜೇಬಿನಿಂದ ಒಂದು ಹಳೆಯ ಪೋಸ್ಟ್‌ಕಾರ್ಡು ತೆಗೆದು ಎರಡು ಮಡಿಕೆ ಮಾಡಿ ಪಾಯಿಂಟಿನ ನಡುವೆ ತೂರಿಸಿದರು. ಎಂಜಿನನ್ನು ಬೆಲ್ಟು ಹಿಡಿದು ಸ್ವಲ್ಪ ತಿರುಗಿಸಿ, ಸ್ಕ್ರೂ ಬಿಗಿದು, ಕಾರ್ಡು ಎಳೆದುಕೊಂಡರು. ಗಾಡಿ ಹೊಲಿಗೆ ಯಂತ್ರದ ಹಾಗೆ ಓಡಿತು. ಷಡಕ್ಷರಪ್ಪ ಆ ಪೋಸ್ಟ್‌ಕಾರ್ಡನ್ನು ಕೇಳಿ ಪಡೆದು, ಮರುದಿನ ಲ್ಯಾಬಿನ ಮೈಕ್ರೋಮೀಟರಿಗೆ ಹಿಡಿದರು. ಎರಡು ಮಡಿಕೆಗೆ ಪುಸ್ತಕದ ಅಳತೆಯೇ ಬಂತು.

ತಾನೂ ಅದೇ ಅಳತೆ ಇಟ್ಟಿದ್ದೆನಲ್ಲ ಎಂದು ಕೇಳಿದ್ದಕ್ಕೆ ಖಾಜಾ ಪೀರ್ ಹೇಳಿದ್ದು ಇಷ್ಟು: “ಅಳತೆ ಸರಿ ಇದೆ ಸಾರ್. ಅಳೆದ ಗಳಿಗೆ ಸರಿ ಇಲ್ಲ. ಪಾಯಿಂಟು ಪೂರ್ತಿ ಬಾಯಿ ಬಿಟ್ಟಾಗ ನೋಡ್ಬೇಕು.”

ಕಾಗದದಿಂದ ಅಳತೆ ಹಿಡಿಯುವ ಆ ಮನುಷ್ಯನಿಗೆ ಷಡಕ್ಷರಪ್ಪ ಅಂದೇ ಸೋತರು. ಅಂದಿನಿಂದ ಹದಿನೇಳು ವರ್ಷ ಆ ಕರಿ ಮುಚ್ಚಳವನ್ನು ಅವರು ತಾವಾಗಿ ತೆಗೆದಿದ್ದಿಲ್ಲ. ಅದು ಖಾಜಾ ಪೀರ್ ಅವರ ಜಾಗ. ಒಂದೇ ಒಂದು ಸಲ ಮುಚ್ಚಳ ತೆಗೆದದ್ದು ಅದೇ ವರ್ಷ ಧರ್ಮಸ್ಥಳಕ್ಕೆ ಹೋದಾಗ. ಪರಊರಿನಲ್ಲಿ ಗಾಡಿ ಹೊರಗೆ ನಿಲ್ಲಿಸುವಾಗ ಪಾಯಿಂಟಿಗೆ ಒಂದು ಕಾಗದದ ಚೂರು ಸಿಕ್ಕಿಸಿಬಿಡಿ, ಕಿಡಿ ಹುಟ್ಟುವುದಿಲ್ಲ, ಕಳ್ಳ ಬೆಳಗಿನ ತನಕ ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ ಎಂದು ಖಾಜಾ ಪೀರ್ ಹೇಳಿಕೊಟ್ಟಿದ್ದರು. ಕಾಗದ ಬಿದ್ದುಹೋಗಲ್ವಾ ಎಂದು ಪಕ್ಕದಲ್ಲಿ ನಿಂತಿದ್ದ ಹದಿನಾರರ ಸರಸ್ವತಿ ಕೇಳಿದ್ದಳು. ಹಾಗೇ ಇಟ್ಟರೆ ಬೀಳುತ್ತದೆ, ಗುಂಡಿಯ ಮೇಲೆ ಟೋಪಿ ಹಾಕಿದ ಹಾಗೆ ಮಡಚಿ ಕೂರಿಸಬೇಕು ಎಂದು ಖಾಜಾ ಪೀರ್ ಮಾಡಿ ತೋರಿಸಿದರು. ಧರ್ಮಸ್ಥಳದಲ್ಲಿ ಆ ಕೆಲಸ ಮಾಡಿದ್ದೂ ಸರಸ್ವತಿಯೇ, ಅವಳ ಬೆರಳು ಸಣ್ಣ ಎಂದು.

ಷಡಕ್ಷರಪ್ಪ ತೊಂಬತ್ತೇಳರಲ್ಲಿ ನಿವೃತ್ತರಾಗಿ ಕ್ವಾರ್ಟರ್ಸ್ ಬಿಟ್ಟು ನ್ಯೂ ಟೌನಿನ ಸ್ವಂತ ಮನೆಗೆ ಬಂದರು. ಅಷ್ಟರಲ್ಲಿ ಸರಸ್ವತಿ ಶಿವಮೊಗ್ಗದ ದುರ್ಗಿಗುಡಿಯ ಒಂದು ಗಲ್ಲಿಯಲ್ಲಿ ಪ್ರೆಸ್ಸು ಹಾಕಿದ್ದಳು. ಅವಳ ಗಂಡ ಸಾಗರದ ಕಾಲೇಜಿನಲ್ಲಿ ಪಾಠ ಹೇಳುವವನು, ಪ್ರೆಸ್ಸಿನ ಗೋಜಿಗೆ ಬರುತ್ತಿರಲಿಲ್ಲ. ನೋಡಿಕೊಳ್ಳಲು ಯಾರಾದರೂ ಬೇಕಲ್ಲ ಎಂದು ಷಡಕ್ಷರಪ್ಪ ತಾವೇ ತೀರ್ಮಾನಿಸಿದರು. ಪ್ರತಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಫಿಯಟ್ಟಿನ ಡಿಕ್ಕಿಯಲ್ಲಿ ಒಂದು ಮರದ ಪೆಟ್ಟಿಗೆ ಏರುತ್ತಿತ್ತು. ಅದರಲ್ಲಿ ತಕ್ಕಡಿ, ಮೈಕ್ರೋಮೀಟರ್, ಕಾರ್ಖಾನೆ ಹಳೆಯದೆಂದು ಹರಾಜಿಗೆ ಹಾಕಿದಾಗ ಕೊಂಡ ಸಿಡಿತ ಪರೀಕ್ಷೆಯ ಯಂತ್ರ. ಇಬ್ಬರು ಹಿಡಿದರೆ ಏಳುವಷ್ಟು ಭಾರ. ಬಸ್ಸಿನಲ್ಲಿ ಹೋಗಲು ಬಾರದು. ಪೆಟ್ಟಿಗೆ ಇಲ್ಲದೆ ಹೋಗುವ ಮಾತೇ ಇಲ್ಲ; ಯಂತ್ರವಿಲ್ಲದ ಪರೀಕ್ಷಕನ ಮಾತು ಬರೀ ಅಭಿಪ್ರಾಯ ಎನ್ನುತ್ತಿದ್ದರು.

ಸೋಮವಾರ ಎಂದರೆ ಅವರ ಪಾಲಿಗೆ ಉಳಿದಿದ್ದ ಒಂದೇ ಕೆಲಸದ ದಿನ. ಉಳಿದ ಆರು ದಿನ ಅವರು ಷಡಕ್ಷರಪ್ಪ, ಸೋಮವಾರ ಒಂದು ದಿನ ಇನ್‌ಸ್ಪೆಕ್ಟರು. ಪ್ರೆಸ್ಸಿನಲ್ಲಿ ಹಾಳೆ ತೂಗಿದರು, ಶಾಯಿ ಬೆಳಕಿಗೆ ಹಿಡಿದರು, ಕೆಲಸಗಾರರು ಬಂದ ಹೊತ್ತು ಬರೆದುಕೊಂಡರು. ಕಾಗದ ಕತ್ತರಿಸುವ ಮಷೀನಿನ ಬ್ಲೇಡಿನಲ್ಲಿ ಒಂದು ಸಣ್ಣ ಮುಕ್ಕು ಇತ್ತು. ಅದರಲ್ಲಿ ಕತ್ತರಿಸಿದ ಎಲ್ಲದರ ಅಂಚಿನಲ್ಲೂ ಒಂದು ಕಡೆ ಎಳೆಯಷ್ಟು ಏಣು ಎದ್ದಿರುತ್ತಿತ್ತು. ಕಣ್ಣಿಗೆ ಕಾಣದು, ಅವರ ಹೆಬ್ಬೆರಳಿಗೆ ತಾಗುತ್ತಿತ್ತು. ಸಾಣೆ ಹಿಡಿಸಿ ಎಂದು ಮೂರು ಸೋಮವಾರ ಹೇಳಿದರು. ಮಷೀನ್‌ಮನ್ ಚಂದ್ರಶೇಖರಪ್ಪ ಮೂರು ಸಲವೂ ಹೂಂ ಅಂದು ಸುಮ್ಮನಾದ.

ಎರಡು ಸಾವಿರದ ಎರಡರ ಜುಲೈಯಲ್ಲಿ ಒಂದು ಸಣ್ಣ ಸಹಕಾರ ಸಂಘದ ಕಾರ್ಯದರ್ಶಿ ವರ್ಷದ ವರದಿ ಅಚ್ಚು ಹಾಕಿಸಲು ಕುಂಸಿಯಿಂದ ಬಂದು ಕೂತಿದ್ದರು. ಎಪ್ಪತ್ತು ಗ್ರಾಮಿನ ಕಾಗದ ಎಂದು ಸರಸ್ವತಿ ಹಾಳೆ ತೋರಿಸುತ್ತಿದ್ದಳು. ಷಡಕ್ಷರಪ್ಪ ಪಕ್ಕದ ಕುರ್ಚಿಯಿಂದ ಕೈ ಚಾಚಿ ಮೂಲೆ ಹಿಡಿದು, ಇದು ಎಪ್ಪತ್ತಲ್ಲ ಎಂದರು. ಪೆಟ್ಟಿಗೆ ತೆರೆದು ತಕ್ಕಡಿ ಇಟ್ಟು ತೂಗಿ ತೋರಿಸಿದರು. ಅರವತ್ತಾರು. ಕಾಗದ ಕೊಟ್ಟ ವ್ಯಾಪಾರಿ ಮಾಡಿದ ಮೋಸ ಅದು, ಸರಸ್ವತಿಗೆ ಗೊತ್ತಿರಲಿಲ್ಲ. ಕಾರ್ಯದರ್ಶಿ ಎದ್ದು, ಇನ್ನೊಂದು ದಿನ ಬರ್ತೀನಮ್ಮ ಎಂದು ಹೋದವರು ಮತ್ತೆ ಬರಲಿಲ್ಲ. ನಮ್ಮ ಗಿರಾಕಿಗೆ ನಾವೇ ಬಾಗಿಲು ತೋರಿಸಿದಂಗಾಯ್ತು ಎಂದು ಚಂದ್ರಶೇಖರಪ್ಪ ಮಷೀನಿಗೆ ಹೇಳುವವನ ಹಾಗೆ ಹೇಳಿದ. ಸರಸ್ವತಿ ತೋರಿಸಿದ್ದ ಹಾಳೆಗಳನ್ನು ಕಟ್ಟಿ ಒಳಗಿಟ್ಟಳು. ಮಗಳ ಹೆಸರು ಉಳಿಸಿದೆ ಎಂಬ ನೆಮ್ಮದಿಯಲ್ಲಿ ಷಡಕ್ಷರಪ್ಪ ಊರಿಗೆ ಬಂದರು.

ಆಗಸ್ಟಿನ ಮೊದಲ ಸೋಮವಾರ ಕಾರು ಸ್ಟಾರ್ಟ್ ಆಗಲಿಲ್ಲ.

ಸೆಲ್ಫ್ ಹೊಡೆದರೆ ಕಿರಕಿರ ಎಂದು ತಿರುಗುತ್ತದೆ, ಹತ್ತುವುದಿಲ್ಲ. ಗ್ಯಾರೇಜಿಗೆ ಫೋನು ಮಾಡಿದರು. ಖಾಜಾ ಪೀರ್ ಬೆಳಗಿನ ಕೆಲಸ ಮುಗಿಸಿ ಎರಡು ಗಂಟೆಗೆ ಬಂದರು. ಬಾನೆಟ್ ಎತ್ತಿ ನೋಡಿ, ಒಂದು ಹಳೇ ಬಟ್ಟೆ ಕೊಡಿ ಸಾರ್ ಎಂದರು. ಬಟ್ಟೆ ತರುವಷ್ಟರಲ್ಲಿ ಗಾಡಿ ಶುರುವಾಗಿತ್ತು. ಮಳೆಗಾಲದ ತೇವ ಎಂದರು. ಅಷ್ಟು ಹೊತ್ತಿಗೆ ಶಿವಮೊಗ್ಗಕ್ಕೆ ಹೋಗಿ ಮಾಡುವುದೇನೂ ಇರಲಿಲ್ಲ.

ಮುಂದಿನ ಸೋಮವಾರ ಮತ್ತೆ ಅದೇ. ಅದರ ಮುಂದಿನದೂ. ಮಂಗಳವಾರ ಬೀಗ ತಿರುಗಿಸಿದ ಕೂಡಲೇ ಹತ್ತುತ್ತದೆ, ಗುರುವಾರ ಈಶ್ವರಮ್ಮನವರನ್ನು ಸಂತೆಗೆ ಕರೆದುಕೊಂಡು ಹೋಗಲು ಹತ್ತುತ್ತದೆ, ಸೋಮವಾರ ಮಾತ್ರ ಇಲ್ಲ. ಷಡಕ್ಷರಪ್ಪ ಇದಕ್ಕೆಂದೇ ಒಂದು ನೋಟ್‌ಬುಕ್ ಇಟ್ಟರು. ಭಾನುವಾರ ಕಾರು ತೊಳೆಯುವುದರಿಂದ ನೀರು ಹೋಗುತ್ತಿರಬಹುದು ಎಂದು ತೊಳೆಯುವುದನ್ನು ಬುಧವಾರಕ್ಕೆ ಹಾಕಿದರು, ಅದಲ್ಲ. ಬ್ಯಾಟರಿ ನೀರು ನೋಡಿದರು; ಅದಲ್ಲ. ಪೆಟ್ರೋಲ್ ಪಂಪು ಬಿಚ್ಚಿ ಬಟ್ಟಲಿಗೆ ಹಿಡಿದರೆ ಧಾರೆಯಾಗಿ ಬಂತು. ಪ್ಲಗ್ ಹೊಸದು ಹಾಕಿಸಿದರು. ಒಂದು ವಾರ ಕಾಯಿಲ್ ಬಿಸಿಯಾಗುತ್ತದೆ ಎಂದರು ಖಾಜಾ ಪೀರ್, ಇನ್ನೊಂದು ವಾರ ಕಂಡೆನ್ಸರ್ ಸುಸ್ತಾಗಿದೆ ಎಂದರು. ಪ್ರತಿ ಸಲವೂ ಬಟ್ಟೆಯನ್ನೋ ನೀರನ್ನೋ ಕೇಳುವರು. ತರುವಷ್ಟರಲ್ಲಿ ಗಾಡಿ ಗುರ್ ಎನ್ನುತ್ತಿರುವುದು.

“ಶಿವಭಕ್ತರ ಗಾಡಿ ಅಲ್ವಾ ಸಾರ್,” ಎಂದರು ಒಮ್ಮೆ, ಈಶ್ವರಮ್ಮ ಕೊಟ್ಟ ಕಾಫಿ ಕುಡಿಯುತ್ತ. “ಸೋಮವಾರ ಒಪ್ಪತ್ತು ಮಾಡುತ್ತೆ.”

ಈಶ್ವರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಷಡಕ್ಷರಪ್ಪನವರೂ ನಕ್ಕರು. ಅವರು ನಗುತ್ತಿದ್ದದ್ದು ಖಾಜಾ ಪೀರ್ ಒಬ್ಬರ ಮಾತಿಗೆ. ನೋಟ್‌ಬುಕ್ಕಿನಲ್ಲಿ ಆ ಹೊತ್ತಿಗೆ ಹದಿನಾಲ್ಕು ಕಾರಣ ಬರೆದು ಹದಿಮೂರನ್ನು ಹೊಡೆದುಹಾಕಿದ್ದರು. ಕೆಟ್ಟದ್ದು ಬರೀ ಸೋಮವಾರ ಎಂಬುದನ್ನು ಕಂಡ ಯಾರಿಗಾದರೂ ಹೊಳೆಯಬೇಕಿದ್ದ ಕಾರಣ, ಮನುಷ್ಯರ ಕೈ, ಆ ಹದಿನಾಲ್ಕರಲ್ಲಿ ಇರಲಿಲ್ಲ. ಅವರ ಗೇಟಿನ ಒಳಗೆ ಅವರ ಗಾಡಿಯನ್ನು ಯಾರು ಮುಟ್ಟುತ್ತಾರೆ?

ಹನ್ನೆರಡನೆಯ ಸೋಮವಾರ ಫೋನು ಎತ್ತಿದ್ದು ಖಾಜಾ ಪೀರ್ ಅವರ ಹೆಂಡತಿ ಜೈನಾಬಿ. ಅವರು ಅಕ್ಕನ ಮಗಳ ಮದುವೆಗೆ ಕುಂಸಿಗೆ ಹೋಗಿದ್ದಾರೆ, ಬುಧವಾರ ಬರುತ್ತಾರೆ ಎಂದರು. ಷಡಕ್ಷರಪ್ಪ ಫೋನು ಇಟ್ಟು ಅಂಗಿಯ ತೋಳು ಮಡಚಿದರು. ಹೆಂಡತಿಯನ್ನು ಕರೆದು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಈಶ್ವರಮ್ಮ ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಒಂದು ಪ್ಲಗ್ಗನ್ನು ಬಿಚ್ಚಿ, ವೈರಿಗೆ ಸಿಕ್ಕಿಸಿ, ಎಂಜಿನಿನ ಮೈಗೆ ಹಿಡಿದು, ಹೊಡಿ ಎಂದರು. ಈಶ್ವರಮ್ಮ ಬೀಗ ತಿರುಗಿಸಿದರು. ಕಿರಕಿರ. ಪ್ಲಗ್ಗಿನ ತುದಿಯಲ್ಲಿ ಕಿಡಿ ಇಲ್ಲ. ಮತ್ತೆ ಹೊಡಿ. ಇಲ್ಲ. ಕಾಯಿಲಿಗೆ ಕರೆಂಟು ಬರುತ್ತಿತ್ತು. ಬಲ್ಬು ಹಿಡಿದು ನೋಡಿದರು, ಉರಿಯಿತು. ಹಾಗಾದರೆ ಉಳಿದದ್ದು ಒಂದೇ ಜಾಗ. ಆ ಕರಿ ಮುಚ್ಚಳ.

“ರೀ, ಪೀರಣ್ಣ ಬರ್ಲಿ ಬಿಡ್ರಿ,” ಎಂದರು ಈಶ್ವರಮ್ಮ ಕಿಟಕಿಯಿಂದ. “ನಿಮಗೆ ಗೊತ್ತಿಲ್ದೇ ಇರೋದಕ್ಕೆ ಕೈ ಹಾಕ್ಬೇಡಿ.”

ಕಾರಿನ ವಿಷಯದಲ್ಲಿ ಅವರು ಬಾಯಿ ಹಾಕಿದ್ದೂ ಅದೇ ಮೊದಲು. ಷಡಕ್ಷರಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ಕ್ಲಿಪ್ಪು ಸರಿಸಿ ಮುಚ್ಚಳ ಎತ್ತಿದರು.

ಪಾಯಿಂಟಿನ ಗುಂಡಿಯ ಮೇಲೆ ಬಿಳಿಯ ಕಾಗದದ ಒಂದು ಚೂರು, ಟೋಪಿ ಹಾಕಿದ ಹಾಗೆ ಮಡಚಿ ಕೂತಿತ್ತು.

ಅದನ್ನು ಉಗುರಿನಿಂದ ಎತ್ತಿ ಅಂಗೈ ಮೇಲೆ ಇಟ್ಟುಕೊಂಡರು. ಅಗಲ ಕಿರುಬೆರಳಿನ ಉಗುರಿನಷ್ಟು. ಬೆರಳಿಗೆ ತಾಗಿದ ಕೂಡಲೇ ಗೊತ್ತಾಯಿತು, ಒಂದು ಕಡೆ ಹೊಳಪಿನ ಕಾರ್ಡು, ಇನ್ನೂರೈವತ್ತು ಗ್ರಾಂ, ಲಗ್ನಪತ್ರಿಕೆಗೆ ಬಳಸುವಂಥದ್ದು. ಅಂಥ ಕಾರ್ಡು ಯಾವ ಪ್ರೆಸ್ಸಿನಲ್ಲಾದರೂ ಸಿಗುತ್ತದೆ. ಆದರೆ ಹೆಬ್ಬೆರಳು ಅಂಚಿನ ಮೇಲೆ ಜಾರಿದಾಗ ಒಂದು ಕಡೆ ಎಳೆಯಷ್ಟು ಏಣು ತಾಗಿತು. ಮೂರು ಸೋಮವಾರ ಅವರೇ ತೋರಿಸಿ ಹೇಳಿದ್ದ ಮುಕ್ಕು. ಶಿವಮೊಗ್ಗ ಜಿಲ್ಲೆಯಲ್ಲಿ ಆ ಏಣು ಬಿಡುವ ಬ್ಲೇಡು ಒಂದೇ ಇತ್ತು.

ಪಾಯಿಂಟಿನ ಸಂದಿನಲ್ಲಿ ಕಾಗದದ ನಾರೊಂದು ಅಂಟಿಕೊಂಡಿತ್ತು. ಅದನ್ನು ತೆಗೆಯಲು ಪಿನ್ನು ಬೇಕು ಎಂದು ಷಡಕ್ಷರಪ್ಪ ಒಳಗೆ ನಡೆದರು. ತಡೀರಿ, ನಾನು ತರ್ತೀನಿ ಎಂದು ಈಶ್ವರಮ್ಮ ಕಾರಿನ ಬಾಗಿಲು ಹುಡುಕುವಷ್ಟರಲ್ಲಿ ಅವರು ಕನ್ನಡಿಯ ಕೆಳಗಿನ ಬಾಚಣಿಗೆ ಪೆಟ್ಟಿಗೆ ತೆರೆದಿದ್ದರು. ಹೇರ್‌ಪಿನ್ನುಗಳ ಪಕ್ಕದಲ್ಲಿ, ರಬ್ಬರ್ ಬ್ಯಾಂಡ್ ಹಾಕಿದ ಒಂದು ಸಣ್ಣ ಕಟ್ಟು. ಒಂದೇ ಅಳತೆಯ ಚೂರುಗಳು. ಬರುವ ಯುಗಾದಿಯವರೆಗಿನ ಸೋಮವಾರಗಳಿಗೆಲ್ಲ ಸಾಕಾಗುವಷ್ಟು ಇದ್ದವು.

ಒಂದು ಪಿನ್ನು ತೆಗೆದುಕೊಂಡು ಪೆಟ್ಟಿಗೆ ಮುಚ್ಚಿದರು. ಈಶ್ವರಮ್ಮ ಬಾಗಿಲಲ್ಲಿ ನಿಂತಿದ್ದರು. ಅವರ ಪಕ್ಕದಿಂದಲೇ ಹಾದು ಹೊರಗೆ ಬಂದು, ನಾರು ತೆಗೆದು, ಮುಚ್ಚಳ ಹಾಕಿ, ಪ್ಲಗ್ಗು ಕೂರಿಸಿ, ಹೋಗಿ ಕೂತು ಹೊಡಿ ಎಂದರು ಹೆಂಡತಿಗೆ. ಈಶ್ವರಮ್ಮ ಕೂತು ಬೀಗ ತಿರುಗಿಸಿದರು. ಗಾಡಿ ಒಂದೇ ಏಟಿಗೆ ಹತ್ತಿತು. ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಅವರು ಕೈ ಎಳೆದುಕೊಂಡರು.

“ಇಳಿ,” ಎಂದರು ಷಡಕ್ಷರಪ್ಪ.

ಶಿವಮೊಗ್ಗದ ದಾರಿಯಲ್ಲಿ ಮಾಚೇನಹಳ್ಳಿ ದಾಟುವ ತನಕ ಅವರ ತಲೆಯಲ್ಲಿ ಓಡುತ್ತಿದ್ದದ್ದು ಖಾಜಾ ಪೀರ್ ಕೇಳುತ್ತಿದ್ದ ಹಳೇ ಬಟ್ಟೆ. ಹನ್ನೊಂದು ಸಲ ಬಟ್ಟೆ, ನೀರು, ಬಟ್ಟೆ. ಹೆಂಡತಿ ಕಾಗದ ಇಟ್ಟದ್ದು ಸರಿ. ಮಗಳು ಕತ್ತರಿಸಿ ಕೊಟ್ಟದ್ದು ಸರಿ. ಮನೆಯವರು ಬೆನ್ನ ಹಿಂದೆ ಏನೋ ಮಾಡುತ್ತಾರೆ ಎಂಬುದು ಅವರಿಗೆ ಹೊಸದಲ್ಲ, ಭಾವಮೈದುನನಿಗೆ ಈಶ್ವರಮ್ಮ ಕದ್ದು ಕಾಗದ ಬರೆಯುತ್ತಿದ್ದದ್ದೂ ಅವರಿಗೆ ಗೊತ್ತಿತ್ತು. ಆದರೆ ಹಳೇ ಬಟ್ಟೆ ತರಲು ತಾವು ಎದ್ದು ಎದ್ದು ಹೋದದ್ದು, ಬಂದು ನಿಮ್ಮ ಕೈಗುಣ ದೊಡ್ಡದು ಎಂದದ್ದು, ಅದನ್ನು ಮಾತ್ರ ಅವರು ಹೊಡೆದುಹಾಕಲಾರದೆ ಹೋದರು.

ದುರ್ಗಿಗುಡಿಯಲ್ಲಿ ಪ್ರೆಸ್ಸಿನ ಎದುರುಗಡೆ, ಔಷಧಿ ಅಂಗಡಿಯ ಪಕ್ಕ ಕಾರು ನಿಲ್ಲಿಸಿದರು. ಪ್ರೆಸ್ಸಿನ ಬಾಗಿಲು ತೆರೆದಿತ್ತು. ಮಷೀನು ಓಡುತ್ತಿತ್ತು. ಚಂದ್ರಶೇಖರಪ್ಪ ಹಾಳೆ ಜೋಡಿಸುತ್ತ ಏನೋ ಹೇಳುತ್ತಿದ್ದ. ಸರಸ್ವತಿ ಶಾಯಿ ಮೆತ್ತಿದ ಕೈಯನ್ನು ಮೇಲೆ ಹಿಡಿದುಕೊಂಡು, ಮೊಣಕೈಯಿಂದ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ಆ ಕೋಣೆಯಲ್ಲಿ ಅವಳು ನಕ್ಕದ್ದನ್ನು ಷಡಕ್ಷರಪ್ಪ ಈ ಐದು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಅವರು ಒಳಗೆ ಹೋದಾಗಲೆಲ್ಲ ಮಷೀನಿನ ಸದ್ದೊಂದೇ ಇರುತ್ತಿತ್ತು. ಅದನ್ನು ಅವರು ಶಿಸ್ತು ಎಂದುಕೊಂಡಿದ್ದರು.

ಡಿಕ್ಕಿ ತೆರೆದರು. ಪೆಟ್ಟಿಗೆಯ ಹಿಡಿಕೆಗೆ ಕೈ ಹಾಕಿದರು. ಒಳಗೆ ಹೋಗಿ ಕಾಗದದ ಚೂರನ್ನು ಮೇಜಿನ ಮೇಲೆ ಇಟ್ಟು, ಇದು ಯಾವ ಬ್ಲೇಡಿನದು ಅಂತ ನಾನೇ ಹೇಳಬೇಕಾ ಎಂದು ಕೇಳುವುದಷ್ಟೇ ಬಾಕಿ. ಪ್ರೆಸ್ಸಿನ ಮೆಟ್ಟಿಲ ಬಳಿ ಕತ್ತರಿಸಿ ಉಳಿದ ಅಂಚುಪಟ್ಟಿಗಳನ್ನು ತುಂಬಿದ ಗೋಣಿಚೀಲ ಒರಗಿಸಿಟ್ಟಿದ್ದರು. ಅಲ್ಲಿಯವರೆಗೆ ನಡೆದು, ಅಭ್ಯಾಸಬಲದಿಂದ ಒಂದು ಪಟ್ಟಿ ಎಳೆದುಕೊಂಡು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ನುಣುಪಾಗಿತ್ತು. ಇನ್ನೊಂದು ಎಳೆದರು. ಅದೂ ನುಣುಪು. ಬ್ಲೇಡಿಗೆ ಸಾಣೆ ಹಿಡಿಸಿದ್ದರು. ಅವರ ಮಾತು ನಡೆದಿತ್ತು, ಅವರು ಬರುವುದು ನಿಂತ ಮೇಲೆ.

ಆ ಪಟ್ಟಿಯನ್ನು ಚೀಲಕ್ಕೇ ಹಾಕಿ, ಡಿಕ್ಕಿ ಮುಚ್ಚಿ ಊರಿಗೆ ಹಿಂತಿರುಗಿದರು. ಸರಸು ಹೇಗಿದ್ದಾಳೆ ಎಂದು ಊಟಕ್ಕೆ ಬಡಿಸುತ್ತ ಈಶ್ವರಮ್ಮ ಕೇಳಿದರು. ನೋಡಲಿಲ್ಲ ಎಂದರು.

ಗುರುವಾರ ಗ್ಯಾರೇಜಿಗೆ ಹೋದಾಗ ಖಾಜಾ ಪೀರ್ ಒಂದು ಜೀಪಿನ ಕೆಳಗಿದ್ದರು. ಕಾಲು ನೋಡಿಯೇ ಗುರುತು ಹಿಡಿದು ಹೊರಗೆ ಬಂದರು. ಷಡಕ್ಷರಪ್ಪ ಕಾಗದದ ಚೂರನ್ನು ಕೈಯಲ್ಲಿ ಹಿಡಿದಿದ್ದರು. ಖಾಜಾ ಪೀರ್ ಅದನ್ನು ನೋಡಿದರು, ಅವರ ಮುಖ ನೋಡಿದರು, ಒಂದು ಸ್ಟೂಲು ಎಳೆದು ಕೊಟ್ಟರು. ಷಡಕ್ಷರಪ್ಪ ಕೂರಲಿಲ್ಲ.

“ಎಷ್ಟು ದಿನದಿಂದ ಗೊತ್ತು ಸಾಬ್ರೇ?”

“ಮೊದಲ್ನೇ ದಿನದಿಂದ, ಸಾರ್.”

“ಕಾಯಿಲ್ ಅಂದ್ರಿ.”

“ಅಂದೆ.”

“ಕಂಡೆನ್ಸರ್ ಅಂದ್ರಿ.”

“ಅದೂ ಅಂದೆ. ಬದಲಾಯಿಸ್ಲಿಲ್ಲ ಸಾರ್, ಅದನ್ನೇ ಒರೆಸಿ ಹಾಕ್ದೆ. ಗಾಡಿಗೆ ದ್ರೋಹ ಮಾಡಿಲ್ಲ.”

“ಗಾಡಿಗೆ ಮಾಡಿಲ್ಲ,” ಎಂದರು ಷಡಕ್ಷರಪ್ಪ.

ಖಾಜಾ ಪೀರ್ ಉಳಿದದ್ದನ್ನು ತಾವಾಗಿಯೇ ಹೇಳಿದರು. ಜುಲೈಯಲ್ಲಿ ಆ ಸಂಘದ ಗಿರಾಕಿ ಹೋದ ಮೇಲೆ ಪ್ರೆಸ್ಸಿನ ಇಬ್ಬರು ಕೆಲಸ ಬಿಟ್ಟರಂತೆ. ಸೋಮವಾರ ಅಪ್ಪಾಜಿಯವರು ಬರುವುದಾದರೆ ನಾನು ಬರಲ್ಲ ಎಂದು ಚಂದ್ರಶೇಖರಪ್ಪ ಹೇಳಿದನಂತೆ. ಮಷೀನು ಮಾರಿ ಬಾಗಿಲು ಹಾಕುತ್ತೇನೆ ಎಂದು ಸರಸ್ವತಿ ತಾಯಿಯ ಮುಂದೆ ಅತ್ತಳಂತೆ. ಧರ್ಮಸ್ಥಳದ ಉಪಾಯ ನೆನಪಾದದ್ದು ಅವಳಿಗೇ. ಆದರೆ ಒಂದು ವಾರ ಕಾಗದ ಇಟ್ಟರೆ ಮರುವಾರ ಷಡಕ್ಷರಪ್ಪ ಬೇರೆ ಮೆಕ್ಯಾನಿಕ್ಕನನ್ನು ಕರೆಸುತ್ತಾರಲ್ಲ ಎಂದು, ಈಶ್ವರಮ್ಮ ಒಂದು ಮಧ್ಯಾಹ್ನ ಸೇತುವೆ ದಾಟಿ ಗ್ಯಾರೇಜಿಗೆ ನಡೆದು ಬಂದರಂತೆ.

“ಅಪ್ಪನಿಗೆ ಬರಬೇಡಿ ಅಂತ ಮಗಳು ಹೆಂಗೆ ಹೇಳ್ತಾಳೆ ಸಾರ್?”

“ನೀವು ಹೇಳಬಹುದಿತ್ತು. ನಾನು ನಂಬಿದ್ದು ನಿಮ್ಮೊಬ್ಬರನ್ನ.”

“ಅದಕ್ಕೇ ಸಾರ್ ಅಮ್ಮಾವ್ರು ನನ್ನ ಹತ್ರ ಬಂದಿದ್ದು,” ಎಂದರು ಖಾಜಾ ಪೀರ್. “ಬೇರೆ ಯಾರು ಸುಳ್ಳು ಹೇಳಿದ್ರೂ ನೀವು ನಂಬ್ತಿರ್ಲಿಲ್ಲ.”

ಜೀಪಿನ ಕೆಳಗಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ನಿಜ ಹೇಳಿದ್ದರೆ ತಾವೇನು ಮಾಡುತ್ತಿದ್ದೆವು ಎಂಬುದು ಷಡಕ್ಷರಪ್ಪನವರಿಗೆ ಗೊತ್ತಿತ್ತು. ಪೆಟ್ಟಿಗೆ ಹೊತ್ತುಕೊಂಡು ಹೋಗಿ, ಆ ಹಾಳೆಯನ್ನು ಎಲ್ಲರೆದುರು ಮತ್ತೊಮ್ಮೆ ತೂಗಿ, ಅರವತ್ತಾರು ಅರವತ್ತಾರೇ ಎಂದು ತೋರಿಸುತ್ತಿದ್ದರು. ಅದನ್ನು ಹೇಳಲು ಅವರು ಅಲ್ಲಿಗೆ ಬಂದಿರಲಿಲ್ಲ.

ಇನ್ನು ಮುಂದೆ ತಮ್ಮ ಗಾಡಿ ಮುಟ್ಟಬೇಡಿ ಎಂದರು. ಖಾಜಾ ಪೀರ್ ತಲೆ ಆಡಿಸಿದರು. ಆಮೇಲೆ ಕೈ ಒರೆಸಿಕೊಂಡು ಸಾಮಾನಿನ ಡಬ್ಬಿಯಿಂದ ಎರಡು ಮಡಿಕೆಯ ಒಂದು ಪೋಸ್ಟ್‌ಕಾರ್ಡು ತೆಗೆದು ಮುಂದೆ ಹಿಡಿದರು. “ಗ್ಯಾಪ್ ಇಡೋಕೆ ಬೇಕಾಗುತ್ತೆ ಸಾರ್. ಇಟ್ಕೊಳ್ಳಿ.” ಷಡಕ್ಷರಪ್ಪ ತೆಗೆದುಕೊಳ್ಳದೆ ಸೇತುವೆಯ ಕಡೆ ನಡೆದರು.

ಮನೆಯಲ್ಲಿ ಆ ವಿಷಯ ಯಾರೂ ಎತ್ತಲಿಲ್ಲ. ಗಂಡನಿಗೆ ಗೊತ್ತಾಗಿದೆ ಎಂದು ಹೆಂಡತಿಗೆ ಗೊತ್ತಿತ್ತು, ಅದು ಗಂಡನಿಗೂ ಗೊತ್ತಿತ್ತು. ಶನಿವಾರ ಅವರು ಬಾಚಣಿಗೆ ಪೆಟ್ಟಿಗೆ ತೆರೆದರು. ಕಟ್ಟು ಇರಲಿಲ್ಲ. ಹಂಡೆಯ ಒಲೆಯ ಬೂದಿಯಲ್ಲಿ ರಬ್ಬರ್ ಸುಟ್ಟ ವಾಸನೆ ಇತ್ತು.

ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಗೆ ಬಂದರು. ಬಾನೆಟ್ ಎತ್ತಿ ಮುಚ್ಚಳ ತೆಗೆದು ನೋಡಿದರು. ಪಾಯಿಂಟು ಖಾಲಿಯಾಗಿತ್ತು. ಮುಚ್ಚಳ ಹಾಕಿ, ಒಳಗೆ ಕೂತು ಬೀಗ ತಿರುಗಿಸಿದರು. ಗಾಡಿ ಹೊಲಿಗೆ ಯಂತ್ರದ ಹಾಗೆ ಹತ್ತಿತು. ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಸದ್ದು ನಿಂತಿತು. ಇನ್ನು ಅವರನ್ನು ತಡೆಯುವವರು ಯಾರೂ ಇರಲಿಲ್ಲ. ಹತ್ತು ಗಂಟೆಗೆ ಮುಂಚೆ ದುರ್ಗಿಗುಡಿ ಮುಟ್ಟಬಹುದಿತ್ತು.

ಐದು ನಿಮಿಷ ಹಾಗೇ ಕೂತಿದ್ದರು. ಆಮೇಲೆ ಎಂಜಿನ್ ನಿಲ್ಲಿಸಿ ಇಳಿದರು.

ಅಂಗಿಯ ಜೇಬಿನಿಂದ ಆ ಚೂರನ್ನು ತೆಗೆದು ಅಂಚಿನ ಏಣನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಮತ್ತೆ ಮುಚ್ಚಳ ಎತ್ತಿದರು. ಅವರ ಬೆರಳು ದಪ್ಪ, ಮಡಚಿದ್ದು ಎರಡು ಸಲ ಬಿಚ್ಚಿಕೊಂಡಿತು, ಮೂರನೆಯ ಸಲ ಟೋಪಿಯ ಹಾಗೆ ಕೂತಿತು. ಕ್ಲಿಪ್ಪು ಎರಡೂ ಹಾಕಿ, ಸೀಟಿನಲ್ಲಿ ಕೂತು, ಒಳಗಿನವರಿಗೆ ಚೆನ್ನಾಗಿ ಕೇಳುವಷ್ಟು ಹೊತ್ತು ಸೆಲ್ಫ್ ಹೊಡೆದರು. ಕಿರಕಿರ. ಕಿರಕಿರ.

ಈಶ್ವರಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು.

“ಸ್ಟಾರ್ಟ್ ಆಗ್ತಿಲ್ಲ,” ಎಂದರು ಷಡಕ್ಷರಪ್ಪ, ಅವರ ಕಡೆ ನೋಡದೆ. “ಸರಸುಗೆ ಫೋನ್ ಮಾಡಿ ಹೇಳು, ಇವತ್ತೂ ಬರಕ್ಕಾಗಲ್ಲ ಅಂತ.”

ಆಮೇಲೆ ಡ್ಯಾಶ್‌ಬೋರ್ಡಿನಿಂದ ನೋಟ್‌ಬುಕ್ ತೆಗೆದು, ತಾರೀಖು ಹಾಕಿ, ಕಾರಣ ಎಂಬ ಕಾಲಮ್ಮಿನಲ್ಲಿ ದುಂಡಗೆ ಬರೆದರು: ತಿಳಿಯಲಿಲ್ಲ.